ಮಸುಕು ತೆಗೆಯುವುದು ಬೇರೆ, ಚಿತ್ರ ಬರೆಯುವುದು ಬೇರೆ

ಬಾಹ್ಯಾಕಾಶದ ಒಂದು ಫೋಟೊ ಫ್ಯಾಮಿಲಿ ಗ್ರೂಪಿಗೆ ಬಂದ ಕೂಡಲೇ ನಮ್ಮಲ್ಲಿ ಎರಡು ಪಂಗಡ ಏಳುತ್ತದೆ. "ಇದೆಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದು, ನಂಬಬೇಡಿ" ಎನ್ನುವವರು ಒಂದು ಕಡೆ. "ಈಗ ಎಐ ಬಂದಿದೆ, ಎಂಥಾ ಮಸುಕು ಫೋಟೊ ಕೊಟ್ಟರೂ ಕ್ಲಿಯರ್ ಮಾಡಿ ಕೊಡುತ್ತದೆ" ಎನ್ನುವವರು ಇನ್ನೊಂದು ಕಡೆ. ಮೊದಲನೆಯವರಿಗೆ ಕಂಪ್ಯೂಟರ್ ಮುಟ್ಟಿದ್ದೆಲ್ಲ ಸುಳ್ಳು. ಎರಡನೆಯವರಿಗೆ ಕಂಪ್ಯೂಟರ್ ತೋರಿಸಿದ್ದೆಲ್ಲ ಸತ್ಯ. ಇಬ್ಬರೂ ಜೋರಾಗಿಯೇ ಮಾತಾಡುತ್ತಾರೆ. ಆದರೆ ಕೇಳಬೇಕಾದ ಒಂದೇ ಪ್ರಶ್ನೆಯನ್ನು ಇಬ್ಬರೂ ಕೇಳುವುದಿಲ್ಲ: ಕಂಪ್ಯೂಟರ್ ಅಲ್ಲಿ ಏನು ಮಾಡಿತು?

ಈ ಬರಹ ಇಬ್ಬರ ವಿರುದ್ಧವೂ ಹೌದು. ಮಸುಕಾದ ಚಿತ್ರವನ್ನು ಲೆಕ್ಕದಿಂದ ಚೊಕ್ಕ ಮಾಡುವುದು ಪ್ರಾಮಾಣಿಕ ಕೆಲಸವಾಗಿರಲು ಸಾಧ್ಯ. ಅದೇ ಹೆಸರಿನಲ್ಲಿ ಇಲ್ಲದ್ದನ್ನು ಸೇರಿಸುವುದೂ ಸಾಧ್ಯ. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂದು ತಿಳಿಯದಿದ್ದರೆ ಮೋಸ ಹೋಗುವವರು ಖಗೋಳ ವಿಜ್ಞಾನಿಗಳಲ್ಲ, ನಾವು. ಯಾಕೆಂದರೆ ಈಗ ನಮ್ಮ ಕಿಸೆಯಲ್ಲಿರುವ ಫೋನಿನಿಂದ ಹಿಡಿದು ಪೇಟೆಯ ಸಿಸಿಟಿವಿವರೆಗೆ ಎಲ್ಲ ಕಡೆಯೂ ಇದೇ ವಿದ್ಯೆಯ ಹೆಸರು ಹೇಳುತ್ತಾರೆ.

ಕೂದಲೆಳೆಯ ಐವತ್ತರಲ್ಲಿ ಒಂದು ಪಾಲು

ಗೆರೆ ಎಲ್ಲಿದೆ ಎಂದು ನೋಡಲು ಹಬಲ್ ದೂರದರ್ಶಕದ ಕಥೆಗಿಂತ ಒಳ್ಳೆಯ ಪಾಠ ಇಲ್ಲ. 1990ರ ಏಪ್ರಿಲ್ 24ರಂದು ಡಿಸ್ಕವರಿ ನೌಕೆಯಲ್ಲಿ ಅದು ಮೇಲೆ ಹೋಯಿತು. 2.4 ಮೀಟರ್ ಅಗಲದ ಕನ್ನಡಿ. ಭೂಮಿಯ ಗಾಳಿಯ ಕಾಟವಿಲ್ಲದ ಜಾಗ. ಇನ್ನೇನು ಆಕಾಶದ ಚಿತ್ರಗಳು ಸೂಜಿಮೊನೆಯಷ್ಟು ಚೂಪಾಗಿ ಬರುತ್ತವೆ ಎಂದು ಜಗತ್ತೆಲ್ಲ ಕಾದಿತ್ತು. ಬಂದದ್ದು ಮಸುಕು. ಒಂದೊಂದು ನಕ್ಷತ್ರದ ಸುತ್ತಲೂ ಬೆಳಕಿನ ಮಂಜು. ಆ ವರ್ಷ ಜೂನ್ ಕೊನೆಗೆ ನಾಸಾ ಎಲ್ಲರ ಮುಂದೆ ಒಪ್ಪಿಕೊಂಡಿತು: ಕನ್ನಡಿಯ ಆಕಾರವೇ ತಪ್ಪಿದೆ.

ತಪ್ಪು ಎಷ್ಟು? ಅಂಚಿನಲ್ಲಿ ಸುಮಾರು 2.2 ಮೈಕ್ರಾನ್. ತಲೆಕೂದಲಿನ ದಪ್ಪದ ಐವತ್ತರಲ್ಲಿ ಒಂದು ಪಾಲು. ಕನ್ನಡಿಯನ್ನು ಉಜ್ಜುವಾಗ ಅದರ ಆಕಾರ ಅಳೆಯಲು ಬಳಸಿದ ಉಪಕರಣದಲ್ಲಿ ಒಂದು ಮಸೂರ 1.3 ಮಿಲಿಮೀಟರ್‌ನಷ್ಟು ಸರಿದು ಕೂತಿತ್ತು. ಕನ್ನಡಿಯನ್ನು ಬಹಳ ನಾಜೂಕಾಗಿ ಉಜ್ಜಿದ್ದರು, ಆದರೆ ತಪ್ಪು ಅಳತೆಗೆ ಉಜ್ಜಿದ್ದರು. ಇನ್ನೂ ಬೇಸರದ ಸಂಗತಿ ತನಿಖೆಯಲ್ಲಿ ಹೊರಬಂತು. ಬೇರೆ ಉಪಕರಣಗಳಿಂದ ಮಾಡಿದ ಪರೀಕ್ಷೆಗಳಲ್ಲಿ ತಪ್ಪು ಕಂಡಿತ್ತು. "ಆ ಉಪಕರಣಗಳು ಇದರಷ್ಟು ನಿಖರವಲ್ಲ" ಎಂದು ಅದನ್ನು ಬದಿಗಿಟ್ಟಿದ್ದರು. ತಮಗೆ ಬೇಕಾದ ಉತ್ತರ ಕೊಟ್ಟ ಉಪಕರಣವನ್ನು ನಂಬಿ, ಬೇಡದ ಉತ್ತರ ಕೊಟ್ಟದ್ದನ್ನು ತಳ್ಳಿಹಾಕಿದರು. ಈ ಚಾಳಿ ವಿಜ್ಞಾನಿಗಳಿಗೆ ಮಾತ್ರ ಇದೆಯೇ?

ಸರಿಯಾದ ಕನ್ನಡಿಯಾಗಿದ್ದರೆ ಒಂದು ನಕ್ಷತ್ರದ ಬೆಳಕಿನ ಶೇಕಡಾ 70ರಷ್ಟು ನಡುವಿನ ಒಂದು ಸಣ್ಣ ಚುಕ್ಕೆಯೊಳಗೆ ಬೀಳಬೇಕಿತ್ತು. ಬಿದ್ದದ್ದು ಶೇಕಡಾ 15ರ ಆಸುಪಾಸು. ಉಳಿದದ್ದು ಸುತ್ತ ಚೆಲ್ಲಿಹೋಗಿತ್ತು. ಮೇಲೆ ಹೋದ ಕನ್ನಡಿಯನ್ನು ಮತ್ತೆ ಉಜ್ಜಲು ಆಗುವುದಿಲ್ಲ. ರಿಪೇರಿಗೆ ಜನ ಹೋಗಲು ಇನ್ನೂ ಮೂರು ವರ್ಷ ಬೇಕಿತ್ತು. ಆ ಮೂರು ವರ್ಷ ಕೈಕಟ್ಟಿ ಕೂರದೆ ಅವರು ಹಿಡಿದದ್ದು ಲೆಕ್ಕದ ದಾರಿ. ಅದರ ಹೆಸರು ಡಿಕನ್ವಲ್ಯೂಷನ್.

ಒಂದು ಚಪ್ಪಾಳೆಯ ಲೆಕ್ಕ

ಹೆಸರು ದೊಡ್ಡದು, ವಿಷಯ ಕಷ್ಟದ್ದಲ್ಲ. ಮದುವೆ ಹಾಲ್‌ಗಳಲ್ಲಿ ಮೈಕ್ ಹಿಡಿದು ಮಾತಾಡಿದರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಒಂದು ಶಬ್ದ ಮುಗಿಯುವ ಮೊದಲೇ ಹಿಂದಿನದರ ಪ್ರತಿಧ್ವನಿ ಬಂದು ಮೇಲೆ ಬೀಳುತ್ತದೆ. ಕೊನೆಗೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ಈಗ ಖಾಲಿ ಹಾಲ್‌ನಲ್ಲಿ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ಅದರ ಪ್ರತಿಧ್ವನಿ ಎಷ್ಟು ಹೊತ್ತು, ಎಷ್ಟು ಸಲ, ಎಷ್ಟು ಜೋರಾಗಿ ಬಂತು ಎಂದು ಬರೆದಿಟ್ಟುಕೊಳ್ಳಿ. ಆ ಹಾಲ್ ಶಬ್ದವನ್ನು ಹೇಗೆ ಕೆಡಿಸುತ್ತದೆ ಎಂಬ ಲೆಕ್ಕ ಕೈಗೆ ಸಿಕ್ಕಿತು. ಅಲ್ಲಿ ಆಡಿದ ಪ್ರತಿ ಶಬ್ದವೂ ಅದೇ ಲೆಕ್ಕದಲ್ಲಿ ಕೆಡುತ್ತದೆ. ಹಾಗಾದರೆ ಆ ಲೆಕ್ಕವನ್ನು ಹಿಂದಕ್ಕೆ ನಡೆಸಿ ಮೂಲ ಮಾತಿನ ಹತ್ತಿರ ಹೋಗಬಹುದು.

ದೂರದರ್ಶಕಕ್ಕೆ ಆ ಚಪ್ಪಾಳೆ ಎಂದರೆ ನಕ್ಷತ್ರ. ನಕ್ಷತ್ರ ಎಷ್ಟು ದೂರ ಇರುತ್ತದೆ ಎಂದರೆ ಅದು ನಮಗೆ ಬರೇ ಒಂದು ಬಿಂದು. ಆ ಬಿಂದು ಚಿತ್ರದಲ್ಲಿ ಹೇಗೆ ಹರಡಿ ಬಿತ್ತು ಎಂದು ನೋಡಿದರೆ ಯಂತ್ರದ ದೋಷದ ಗುರುತು ಸಿಗುತ್ತದೆ. ಇದಕ್ಕೆ ಪಾಯಿಂಟ್ ಸ್ಪ್ರೆಡ್ ಫಂಕ್ಷನ್ ಎನ್ನುತ್ತಾರೆ. ಬಿಂದು ಹರಡುವ ಬಗೆ, ಅಷ್ಟೇ. ಹಬಲ್‌ಗಾಗಿ ಇದನ್ನು ನಿಜವಾದ ನಕ್ಷತ್ರಗಳಿಂದ ಅಳೆದರು. ಜೊತೆಗೆ ಕನ್ನಡಿಯ ತಪ್ಪನ್ನು ತಿಳಿದು ಲೆಕ್ಕ ಹಾಕಿ ಕೊಡುವ ಟೈನಿ ಟಿಮ್ ಎಂಬ ಪ್ರೋಗ್ರಾಮನ್ನೂ ಬರೆದರು.

ಮುಂದಿನ ಹೆಜ್ಜೆಯ ಲೆಕ್ಕ ಹಬಲ್‌ಗಿಂತ ಹಳೆಯದು. 1972ರಲ್ಲಿ ವಿಲಿಯಂ ರಿಚರ್ಡ್‌ಸನ್, 1974ರಲ್ಲಿ ಲಿಯಾನ್ ಲೂಸಿ, ಇಬ್ಬರೂ ಬೇರೆ ಬೇರೆಯಾಗಿ ಒಂದೇ ವಿಧಾನಕ್ಕೆ ಬಂದು ಮುಟ್ಟಿದ್ದರು. ಅದು ಹೀಗೆ. ಮೂಲ ಚಿತ್ರ ಹೀಗಿರಬಹುದು ಎಂದು ಒಂದು ಊಹೆಯಿಂದ ಶುರು ಮಾಡು. ಆ ಊಹೆಯನ್ನು ಯಂತ್ರದ ದೋಷದಂತೆಯೇ ಮಸುಕು ಮಾಡು. ಹಾಗೆ ಬಂದದ್ದನ್ನು ದೂರದರ್ಶಕ ಕೊಟ್ಟ ಚಿತ್ರದ ಪಕ್ಕದಲ್ಲಿಟ್ಟು ನೋಡು. ಎಲ್ಲಿ ಹೆಚ್ಚಾಯಿತು, ಎಲ್ಲಿ ಕಡಿಮೆಯಾಯಿತು ಎಂದು ಹಿಡಿದು ಊಹೆಯನ್ನು ತಿದ್ದು. ಮತ್ತೆ ಮಸುಕು ಮಾಡು, ಮತ್ತೆ ಹೋಲಿಸು, ಮತ್ತೆ ತಿದ್ದು. ಹತ್ತಾರು ಸಲ, ಕೆಲವೊಮ್ಮೆ ನೂರಾರು ಸಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಪ್ರತಿ ಸುತ್ತಿನಲ್ಲಿಯೂ ಉತ್ತರವನ್ನು ಒರೆಗೆ ಹಚ್ಚುವುದು ದೂರದರ್ಶಕ ಕಂಡದ್ದಕ್ಕೆ. "ಶನಿಗ್ರಹ ಸಾಮಾನ್ಯವಾಗಿ ಹೀಗಿರುತ್ತದೆ, ಆದ್ದರಿಂದ ಹೀಗೆ ಬರೆಯೋಣ" ಎಂಬ ಮಾತು ಅಲ್ಲಿ ಇಲ್ಲ. 1990ರ ಕೊನೆಯಲ್ಲಿ ಶನಿಯ ಮೇಲೆ ದೊಡ್ಡದೊಂದು ಬಿಳಿ ಬಿರುಗಾಳಿ ಎದ್ದಿತ್ತು. ಕುರುಡಾದ ಹಬಲ್ ತೆಗೆದ ಅದರ ಚಿತ್ರಗಳನ್ನು ಹೀಗೆಯೇ ಲೆಕ್ಕದಿಂದ ಚೊಕ್ಕ ಮಾಡಿ ಮೋಡಗಳ ವಿವರ ನೋಡಿದರು. ಶನಿಯ ಹಳೆಯ ಫೋಟೊ ತಂದು ಅಂಟಿಸಿದ್ದರೆ ಆ ಬಿರುಗಾಳಿ ಕಾಣುತ್ತಲೇ ಇರಲಿಲ್ಲ. ಹಳೆಯ ಫೋಟೊದಲ್ಲಿ ಅದು ಇರಲಿಲ್ಲವಲ್ಲ!

ನಮ್ಮಲ್ಲಿ ವ್ಯಾಪಾರ ಗೊತ್ತಿಲ್ಲದ ಮನೆ ಕಡಿಮೆ. ಅದೇ ಭಾಷೆಯಲ್ಲಿ ಹೇಳುತ್ತೇನೆ. ಒಂದು ತಕ್ಕಡಿ ಯಾವಾಗಲೂ 50 ಗ್ರಾಂ ಹೆಚ್ಚು ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಅದು ಗೊತ್ತಿದ್ದರೆ, ಗಿರಾಕಿಗೆ ಹೇಳಿ 50 ಗ್ರಾಂ ಕಳೆದು ಲೆಕ್ಕ ಮಾಡಿದರೆ ವ್ಯಾಪಾರ ನ್ಯಾಯದ್ದೇ. ಡಿಕನ್ವಲ್ಯೂಷನ್ ಎಂದರೆ ಇದು. ಆದರೆ ತಕ್ಕಡಿಯನ್ನು ನೋಡದೆಯೇ "ಈ ಗಿರಾಕಿ ಯಾವಾಗಲೂ ಎರಡು ಕಿಲೋ ತೆಗೆದುಕೊಳ್ಳುತ್ತಾನೆ, ಎರಡು ಎಂದೇ ಬರೆಯೋಣ" ಎಂದರೆ? ಬಿಲ್ ನೋಡಲು ಚಂದವೇ ಇರುತ್ತದೆ. ತೂಕ ಮಾತ್ರ ಯಾರೂ ಮಾಡಿರುವುದಿಲ್ಲ.

ಲೆಕ್ಕಕ್ಕೂ ಒಂದು ಮಿತಿ

"ಎಂಥಾ ಮಸುಕನ್ನೂ ಕ್ಲಿಯರ್ ಮಾಡಬಹುದು" ಎನ್ನುವವರಿಗೆ ಹಬಲ್ ಕಥೆಯ ಎರಡನೆಯ ಅರ್ಧ ಹೇಳಬೇಕು. ಲೆಕ್ಕ ಎಲ್ಲವನ್ನೂ ಸರಿ ಮಾಡಲಿಲ್ಲ. ಪ್ರಕಾಶಮಾನವಾದ ಗ್ರಹ, ನಕ್ಷತ್ರಗಳಲ್ಲಿ ಅದು ಚೆನ್ನಾಗಿ ನಡೆಯಿತು. ಬಹಳ ದೂರದ, ಬಹಳ ಮಂದವಾದ ಗೆಲಾಕ್ಸಿಗಳಲ್ಲಿ ಕೈಕೊಟ್ಟಿತು. ಕಾರಣ ಸರಳ. ಯಾವ ಚಿತ್ರದಲ್ಲಿಯೂ ಯಂತ್ರದ ಗದ್ದಲ, ಬೆಳಕಿನ ಏರಿಳಿತದ ಗದ್ದಲ ಇದ್ದೇ ಇರುತ್ತದೆ. ಮಂದ ವಸ್ತುವಿನ ಬೆಳಕು ಚೆಲ್ಲಿಹೋಗಿ ಆ ಗದ್ದಲದಲ್ಲಿ ಮುಳುಗಿದರೆ ಅದನ್ನು ಹೆಕ್ಕಿ ತರಲು ಯಾವ ಗಣಿತಕ್ಕೂ ಆಗುವುದಿಲ್ಲ. ಮಾತೇ ಕೇಳಿಸದಷ್ಟು ಮೆಲ್ಲಗೆ ಆಡಿದ್ದರೆ ಹಾಲ್‌ನ ಪ್ರತಿಧ್ವನಿ ಗೊತ್ತಿದ್ದು ಏನು ಪ್ರಯೋಜನ?

ಅಷ್ಟೇ ಅಲ್ಲ. ತಿದ್ದುವ ಸುತ್ತುಗಳನ್ನು ಅತಿಯಾಗಿ ಓಡಿಸಿದರೆ ಆ ಗದ್ದಲವೇ ಸಣ್ಣ ಸಣ್ಣ ಚುಕ್ಕೆಗಳಾಗಿ ಗಟ್ಟಿಯಾಗುತ್ತದೆ. ನೋಡಿದರೆ ಹೊಸ ನಕ್ಷತ್ರಗಳ ಹಾಗೆ. ಪ್ರಖರ ನಕ್ಷತ್ರದ ಸುತ್ತ ಇಲ್ಲದ ಬಳೆಗಳು ಮೂಡುತ್ತವೆ. ಆದ್ದರಿಂದ ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯುವುದೂ ಈ ವಿದ್ಯೆಯ ಭಾಗ. ಈ ಕಷ್ಟಗಳನ್ನು ಅವರು ಮುಚ್ಚಿಡಲಿಲ್ಲ. ಬಾಲ್ಟಿಮೋರ್‌ನ ಬಾಹ್ಯಾಕಾಶ ದೂರದರ್ಶಕ ಸಂಸ್ಥೆಯಲ್ಲಿ 1990ರಲ್ಲಿಯೇ ಸಭೆ ಸೇರಿ ಯಾವ ವಿಧಾನ ಎಲ್ಲಿ ಸುಳ್ಳು ಹೇಳುತ್ತದೆ ಎಂದು ಚರ್ಚೆ ಮಾಡಿದರು.

ಕಂಪ್ಯೂಟರಿನಿಂದಲೇ ಎಲ್ಲ ಆಗುತ್ತಿದ್ದರೆ 1993ರ ಡಿಸೆಂಬರಿನಲ್ಲಿ ಏಳು ಮಂದಿಯನ್ನು ಎಂಡೆವರ್ ನೌಕೆಯಲ್ಲಿ ಮೇಲಕ್ಕೆ ಕಳುಹಿಸುವ ಅಗತ್ಯವೇನಿತ್ತು? ಅವರು ಐದು ಸಲ ನೌಕೆಯಿಂದ ಹೊರಗೆ ಇಳಿದು, ಕನ್ನಡಿಯ ತಪ್ಪಿಗೆ ಸರಿಯಾಗಿ ಎದುರು ತಪ್ಪು ಇರುವ ದೃಗುಪಕರಣಗಳನ್ನು ಕೂರಿಸಿ ಬಂದರು. ಹಬಲ್‌ಗೆ ಕನ್ನಡಕ ಹಾಕಿದರು ಎನ್ನುವುದು ಇದನ್ನೇ. ಲೆಕ್ಕ ಗೊತ್ತಿದ್ದವರೇ ಲೆಕ್ಕದಿಂದ ಆಗದ ಕೆಲಸಕ್ಕೆ ಸ್ಪ್ಯಾನರ್ ಹಿಡಿದರು. ಕಳೆದುಹೋದ ಬೆಳಕನ್ನು ಪ್ರೋಗ್ರಾಮ್ ವಾಪಸ್ ತರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

"ಎಲ್ಲ ಸುಳ್ಳು" ಎನ್ನುವವರಿಗೆ

ಈಗ ಮೊದಲ ಪಂಗಡಕ್ಕೆ ಬರೋಣ. ಕಂಪ್ಯೂಟರ್ ಮುಟ್ಟಿದ ಚಿತ್ರವೆಲ್ಲ ಕಟ್ಟುಕಥೆ ಎನ್ನುವ ರೀಲ್‌ಗಳನ್ನು ನಮ್ಮ ಹುಡುಗರು ಬಹಳ ನೋಡುತ್ತಾರೆ. 2019ರ ಏಪ್ರಿಲ್ 10ರಂದು ಕಪ್ಪುಕುಳಿಯ ಮೊದಲ ಚಿತ್ರ ಹೊರಬಂದಾಗ ಈ ಮಾತು ಇನ್ನೂ ಜೋರಾಯಿತು. ಎಂ87 ಎಂಬ ಗೆಲಾಕ್ಸಿಯ ನಡುವಿನ ಆ ಕಿತ್ತಳೆ ಬಣ್ಣದ ಬಳೆಯನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ಯಾವ ಕ್ಯಾಮೆರಾವೂ ಒಂದೇ ಕ್ಲಿಕ್‌ನಲ್ಲಿ ತೆಗೆದದ್ದಲ್ಲ, ನಿಜ. ಜಗತ್ತಿನ ಬೇರೆ ಬೇರೆ ಕಡೆಯ ಎಂಟು ರೇಡಿಯೊ ದೂರದರ್ಶಕಗಳು 2017ರಲ್ಲಿ ದಾಖಲಿಸಿದ ಅಲೆಗಳನ್ನು ಜೋಡಿಸಿ ಲೆಕ್ಕದಿಂದ ಕಟ್ಟಿದ ಚಿತ್ರ. ನಡುವೆ ತುಂಬಾ ಖಾಲಿ ಜಾಗಗಳಿದ್ದವು. ಅವುಗಳನ್ನು ತುಂಬುವ ದಾರಿ ಒಂದಲ್ಲ, ಹಲವು.

ಹಾಗಾದರೆ ಅದು ಸುಳ್ಳೇ? ಅವರು ಏನು ಮಾಡಿದರು ಎಂದು ಕೇಳಿ. ನಾಲ್ಕು ತಂಡ ಮಾಡಿದರು. ಒಂದು ತಂಡ ಇನ್ನೊಂದರ ಜೊತೆ ಮಾತಾಡಬಾರದು. ಪ್ರತಿ ತಂಡವೂ ತನ್ನ ವಿಧಾನದಲ್ಲಿ ಚಿತ್ರ ಕಟ್ಟಬೇಕು. ಕೊನೆಗೆ ಎಲ್ಲರೂ ಒಟ್ಟಿಗೆ ಕೂತು ನೋಡಿದಾಗ ನಾಲ್ವರ ಚಿತ್ರದಲ್ಲಿಯೂ ಬಳೆ ಇತ್ತು. ಆಮೇಲೆ ಬೇರೆ ಆಕಾರದ ಕೃತಕ ಅಂಕಿಅಂಶಗಳನ್ನು ತಮ್ಮ ಪ್ರೋಗ್ರಾಮ್‌ಗಳಿಗೆ ತಿನ್ನಿಸಿ, ಬಳೆ ಇಲ್ಲದ ಕಡೆಯೂ ಇವು ಬಳೆ ತೋರಿಸುತ್ತವೆಯೇ ಎಂದು ಪರೀಕ್ಷೆ ಮಾಡಿದರು. ಅಂಕಿಅಂಶಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟರು.

ಬಿಟ್ಟುಕೊಟ್ಟದ್ದರ ಫಲ ಏನು ಗೊತ್ತೇ? 2022ರಲ್ಲಿ ಜಪಾನಿನ ಮಿಯೋಶಿ ಮತ್ತು ಅವರ ಸಂಗಡಿಗರು ಅದೇ ಅಂಕಿಅಂಶವನ್ನು ಮತ್ತೆ ಲೆಕ್ಕ ಹಾಕಿ "ನಮಗೆ ಆ ಬಳೆ ಕಾಣುವುದಿಲ್ಲ" ಎಂದು ಪ್ರಕಟಿಸಿದರು. ಮೂಲ ತಂಡ ಅದಕ್ಕೆ ಉತ್ತರ ಕೊಟ್ಟಿತು, ಆ ವಿಧಾನದಲ್ಲಿ ಏನು ದೋಷ ಎಂದು ಹೇಳಿತು. ಬೇರೆಯವರು ಲೆಕ್ಕ ಮಾಡಿದಾಗ ಬಳೆ ಮತ್ತೆ ಸಿಕ್ಕಿತು. ನನ್ನ ವಾದಕ್ಕೆ ಇಲ್ಲಿ ಮುಖ್ಯವಾದದ್ದು ಯಾರು ಗೆದ್ದರು ಎಂಬುದಲ್ಲ. ಜಗಳವಾಡಲು ಜಾಗ ಇತ್ತು ಎಂಬುದು. ಸುಳ್ಳುಗಾರ ತನ್ನ ಲೆಕ್ಕಪುಸ್ತಕವನ್ನು ಎದುರಾಳಿಯ ಕೈಗೆ ಕೊಡುತ್ತಾನೆಯೇ? "ಎಲ್ಲ ಸುಳ್ಳು" ಎಂದು ರೀಲ್ ಮಾಡುವವನು ತನ್ನ ಯಾವ ಲೆಕ್ಕವನ್ನು ನಿಮ್ಮ ಮುಂದೆ ಇಟ್ಟಿದ್ದಾನೆ?

ಅನುಮಾನ ಪಡುವುದು ಒಳ್ಳೆಯದೇ. ಆದರೆ ಅನುಮಾನಕ್ಕೂ ಶ್ರಮ ಬೇಕು. ಮಿಯೋಶಿ ಶ್ರಮಪಟ್ಟು ಅನುಮಾನಪಟ್ಟರು. ಸೋಫಾದ ಮೇಲೆ ಬಿದ್ದುಕೊಂಡು ಪಡುವ ಅನುಮಾನಕ್ಕೆ ಸೋಮಾರಿತನ ಎಂದೇ ಹೆಸರು.

"ಎಐ ಇದೆಯಲ್ಲ" ಎನ್ನುವವರಿಗೆ

ಎರಡನೆಯ ಪಂಗಡ ಇನ್ನೂ ಅಪಾಯದ್ದು, ಯಾಕೆಂದರೆ ಅದು ಖುಷಿಯಲ್ಲಿದೆ. 2023ರ ಮಾರ್ಚ್‌ನಲ್ಲಿ ಒಬ್ಬ ಮೊಬೈಲ್ ಬಳಕೆದಾರ ಒಂದು ಸಣ್ಣ ಪರೀಕ್ಷೆ ಮಾಡಿದ. ಚಂದ್ರನ ಒಂದು ಒಳ್ಳೆಯ ಫೋಟೊ ತೆಗೆದುಕೊಂಡು ಅದನ್ನು 170 ಪಿಕ್ಸೆಲ್‌ಗೆ ಕುಗ್ಗಿಸಿ, ಮತ್ತೂ ಮಸುಕು ಮಾಡಿದ. ಕುಳಿಗಳ ವಿವರವೆಲ್ಲ ಅಳಿಸಿಹೋಯಿತು. ಆ ಮಸುಕು ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲೆ ಹಾಕಿ, ಕೋಣೆಯ ಲೈಟ್ ಆರಿಸಿ, ದೂರ ನಿಂತು ದುಬಾರಿ ಫೋನೊಂದರಿಂದ ಜೂಮ್ ಮಾಡಿ ತೆಗೆದ. ಫೋನ್ ಕೊಟ್ಟ ಫೋಟೊದಲ್ಲಿ ಕುಳಿಗಳು ಇದ್ದವು! ಪರದೆಯ ಮೇಲೆ ಇಲ್ಲದ ವಿವರ ಫೋಟೊದಲ್ಲಿ ಎಲ್ಲಿಂದ ಬಂತು? ಫೋನ್ ಮೊದಲೇ ಸಾವಿರಾರು ಚಂದ್ರರನ್ನು ನೋಡಿ ಕಲಿತಿತ್ತು. ಇದು ಚಂದ್ರ ಎಂದು ಗುರುತಿಸಿದ ಕೂಡಲೇ ಚಂದ್ರ ಹೇಗಿರಬೇಕೋ ಹಾಗೆ ತಿದ್ದಿಕೊಟ್ಟಿತು.

ಹಬಲ್ ಮತ್ತು ಈ ಫೋನ್, ಎರಡರಲ್ಲಿಯೂ ಕಂಪ್ಯೂಟರ್ ಇದೆ, ಎರಡರಲ್ಲಿಯೂ ಮಸುಕು ಹೋಯಿತು. ಆದರೆ ಹಬಲ್‌ನವರು ಕೇಳಿದ್ದು "ನಮ್ಮ ಯಂತ್ರ ಎಲ್ಲಿ ಕೆಡಿಸಿತು?" ಎಂದು. ಫೋನ್ ಕೇಳಿದ್ದು "ಇವರಿಗೆ ಏನು ನೋಡಲು ಇಷ್ಟ?" ಎಂದು. ಮೊದಲನೆಯದು ಅಳತೆ. ಎರಡನೆಯದು ಚಿತ್ರ ಬರೆಯುವ ಕಲೆ. ಚಿತ್ರ ಬರೆಯುವುದು ಹರಾಮ್ ಎಂದೋ ಹಲಾಲ್ ಎಂದೋ ನಾನು ಹೇಳಲು ಹೊರಟಿಲ್ಲ. ಅದನ್ನು ಅಳತೆ ಎಂದು ಮಾರಬೇಡಿ ಎನ್ನುವುದು ನನ್ನ ತಕರಾರು.

ಇದು ನಮ್ಮ ಮನೆಯೊಳಗೆ ಬರುವುದು ಶಅಬಾನ್ 29ರ ಮಗ್ರಿಬ್ ಹೊತ್ತಿಗೆ. ಮತ್ತೆ ರಂಝಾನ್ 29ರಂದು. ಉಪ್ಪಳ, ಮಂಜೇಶ್ವರದಿಂದ ಮಂಗಳೂರು, ಉಡುಪಿವರೆಗೆ ಪ್ರತಿ ಮನೆಯಲ್ಲಿಯೂ ಫೋನ್ ಕೈಯಲ್ಲೇ ಇರುತ್ತದೆ. ನಾಳೆ ಪೆರ್ನಾಲೋ ಅಲ್ಲವೋ ಎಂದು ಉಮ್ಮ ಅಡುಗೆಮನೆಯಿಂದ ಕೇಳುತ್ತಲೇ ಇರುತ್ತಾರೆ. ಆಗ ಬರುತ್ತದೆ ಒಂದು ಫಾರ್ವರ್ಡ್: "ಚಂದ್ರ ಕಂಡಿದೆ, ಇಲ್ಲಿದೆ ಫೋಟೊ." ಯಾರು ತೆಗೆದದ್ದು, ಎಲ್ಲಿಂದ, ಎಷ್ಟು ಹೊತ್ತಿಗೆ, ಫೋನ್ ಎಷ್ಟು ತಿದ್ದಿದೆ, ಏನೂ ಇಲ್ಲ. ಆದರೂ ಐದು ನಿಮಿಷದಲ್ಲಿ ಗಲ್ಫಿನ ಗ್ರೂಪಿನವರೆಗೆ ಮುಟ್ಟಿ ಆಗಿರುತ್ತದೆ. ಫೋನ್ ಏನನ್ನು ಸೇರಿಸಿತು, ಏನನ್ನು ಅಳಿಸಿತು ಎಂದು ಅದನ್ನು ಹಿಡಿದವನಿಗೇ ಗೊತ್ತಿರುವುದಿಲ್ಲ. ಅಂಥ ಚಿತ್ರವನ್ನು ಸಾಕ್ಷಿ ಎಂದು ಹಂಚುವುದು ಯಾವ ನ್ಯಾಯ?

ಇದರ ಪಕ್ಕದಲ್ಲಿ ಒಬ್ಬ ಖಗೋಳ ಛಾಯಾಗ್ರಾಹಕನ ಕೆಲಸ ಇಡುತ್ತೇನೆ. ಫ್ರಾನ್ಸಿನ ತಿಯೆರಿ ಲೆಗೊ 2013ರ ಜುಲೈ 8ರಂದು, ಅಮಾವಾಸ್ಯೆಯ ಸರಿಯಾದ ಕ್ಷಣದಲ್ಲಿ, ಹಗಲು ಹೊತ್ತಿನಲ್ಲಿ, ಚಂದ್ರನ ಗೆರೆಯನ್ನು ಸೆರೆಹಿಡಿದರು. ಚಂದ್ರನ ವಯಸ್ಸು ಸೊನ್ನೆ ಗಂಟೆ. ಸೂರ್ಯನಿಂದ ಐದು ಡಿಗ್ರಿಯೂ ದೂರವಿಲ್ಲ. ಸುತ್ತಲಿನ ಆಕಾಶ ಆ ಗೆರೆಗಿಂತ ನೂರಾರು ಪಟ್ಟು ಪ್ರಖರ. ಅವರು ಸೂರ್ಯನ ಬೆಳಕು ಒಳಗೆ ಬೀಳದ ಹಾಗೆ ಮರೆ ಕಟ್ಟಿ, ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಲ್ಲಿ ಬಹಳಷ್ಟು ಚಿತ್ರಗಳನ್ನು ತೆಗೆದು, ಒಂದರ ಮೇಲೊಂದು ಕೂಡಿಸಿ ಗದ್ದಲವನ್ನು ಇಳಿಸಿ ಗೆರೆಯನ್ನು ಹೊರತಂದರು. ಚಿತ್ರ ನಿಜವಾದದ್ದು. ಆದರೆ "ಈ ಚಂದ್ರ ಕಣ್ಣಿಗೆ ಕಂಡಿತು" ಎಂದು ಅವರು ಹೇಳಲೇ ಇಲ್ಲ. ಕಣ್ಣಿಗೆ ಕಾಣುವುದು ಅಸಾಧ್ಯ ಎಂದೇ ಹೇಳಿದರು.

"ಚಂದ್ರ ಅಲ್ಲಿ ಇದೆ" ಎನ್ನುವುದು ಒಂದು ಮಾತು. "ಚಂದ್ರ ಕಾಣಿಸಿತು" ಎನ್ನುವುದು ಬೇರೆ ಮಾತು. ಯಾವ ಮಾತಿನ ಮೇಲೆ ಹಬ್ಬ ಮಾಡಬೇಕು ಎಂಬುದು ಖಾಝಿಗಳ, ಉಲಮಾಗಳ ವಿಷಯ. ಅದರಲ್ಲಿ ನಾನು ಕೈ ಹಾಕುವುದಿಲ್ಲ. ಆದರೆ ಮೊದಲನೆಯ ಮಾತಿನ ಚಿತ್ರವನ್ನು ಎರಡನೆಯ ಮಾತಿಗೆ ಸಾಕ್ಷಿಯಾಗಿ ತಂದರೆ, ಅಥವಾ ಫೋನ್ ತಿದ್ದಿದ ಚಿತ್ರವನ್ನು ಎರಡಕ್ಕೂ ಸಾಕ್ಷಿಯಾಗಿ ತಂದರೆ, ಅದು ಚಿತ್ರ ಓದಲು ಬಾರದ ಅಜ್ಞಾನ ಎಂದು ಹೇಳಲು ಫತ್ವಾ ಬೇಕಾಗಿಲ್ಲ.

ಚಂದ್ರನಿಂದ ಮುಖಕ್ಕೆ

ಚಂದ್ರನ ವಿಷಯದಲ್ಲಿ ತಪ್ಪಾದರೆ ಹೆಚ್ಚೆಂದರೆ ಒಂದು ದಿನದ ಗೊಂದಲ. ಮುಖದ ವಿಷಯದಲ್ಲಿ ತಪ್ಪಾದರೆ?

2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಪಿಕ್ಸೆಲ್ ಒಡೆದ ಮುಖದಿಂದ ಸ್ಪಷ್ಟ ಮುಖ ಕಟ್ಟುವ ಒಂದು ಪ್ರೋಗ್ರಾಮ್ ಹೊರತಂದರು. ಯಾರೋ ಅದಕ್ಕೆ ಬರಾಕ್ ಒಬಾಮಾ ಅವರ ಮಸುಕು ಫೋಟೊ ಕೊಟ್ಟರು. ಹೊರಬಂದದ್ದು ಒಬ್ಬ ಬಿಳಿಯ ಗಂಡಸಿನ ಮುಖ. ಬಹಳ ಸ್ಪಷ್ಟ, ಬಹಳ ಚೂಪು, ಪೂರ್ತಿ ತಪ್ಪು. ಅದು ಕಲಿತ ಮುಖಗಳಲ್ಲಿ ಹೆಚ್ಚಿನವು ಅಂಥವೇ ಆಗಿದ್ದವು. ಮಸುಕು ಚಿತ್ರದಲ್ಲಿ ಇಲ್ಲದ ವಿವರವನ್ನು ಅದು ತನ್ನ ಅಭ್ಯಾಸದಿಂದ ತುಂಬಿತು. ಆ ಪ್ರೋಗ್ರಾಮ್ ಮಾಡಿದವರೂ ಇದು ಗುರುತು ಹಿಡಿಯಲು ಅಲ್ಲ ಎಂದು ಹೇಳಿದ್ದರು.

ಈಗ ಇದನ್ನು ನಮ್ಮ ಊರಿಗೆ ತಂದು ನೋಡಿ. ಎಲ್ಲೋ ಗಲಾಟೆ, ಎಲ್ಲೋ ಕಳ್ಳತನ. ಅಂಗಡಿ ಸಿಸಿಟಿವಿಯಲ್ಲಿ ಮಸುಕಾದ ಒಂದು ಮುಖ. ಯಾರೋ ಒಬ್ಬ ಅತಿಬುದ್ಧಿವಂತ ಅದನ್ನು ಆ್ಯಪ್‌ಗೆ ಹಾಕಿ "ಕ್ಲಿಯರ್" ಮಾಡಿ ಗ್ರೂಪಿಗೆ ಬಿಡುತ್ತಾನೆ. ಆ ಹೊಸ ಮುಖ ಯಾರದ್ದು? ಕ್ಯಾಮೆರಾ ಕಂಡವನದ್ದಲ್ಲ. ಆ್ಯಪ್ ಕಲ್ಪಿಸಿದವನದ್ದು. ಅದಕ್ಕೆ ಹೋಲುವ ಒಬ್ಬ ಹುಡುಗ ನಿಮ್ಮ ಓಣಿಯಲ್ಲಿಯೇ ಇರಬಹುದು. ಗಡ್ಡ, ಟೊಪ್ಪಿ ಕಂಡರೆ ಸಾಕು ತೀರ್ಪು ಕೊಟ್ಟುಬಿಡುವ ಈ ಕಾಲದಲ್ಲಿ ಅಂಥ ಒಂದು ಚಿತ್ರ ಒಂದು ಕುಟುಂಬದ ಬದುಕನ್ನೇ ಹಾಳು ಮಾಡಬಹುದು. ನಮಗಾದರೆ ಅನ್ಯಾಯ ಎಂದು ಕೂಗುತ್ತೇವೆ. ಬೇರೆಯವರ ಮುಖದ ಅಂಥದೇ ಫೋಟೊವನ್ನು ನಾವೇ ಫಾರ್ವರ್ಡ್ ಮಾಡುವಾಗ ಕೈ ನಡುಗುವುದಿಲ್ಲ ಏಕೆ?

ಹಬಲ್‌ನ ಪಾಠ ಇಲ್ಲಿಯೂ ಅದೇ. ಬೆಳಕೇ ಬೀಳದ ಕಡೆಯಿಂದ ವಿವರ ತರಲು ಆಗುವುದಿಲ್ಲ. ತಂದುಕೊಟ್ಟೆ ಎನ್ನುವವನು ಬೇರೆ ಕಡೆಯಿಂದ ತಂದಿದ್ದಾನೆ.

ನಾವು ಏನು ಮಾಡಬೇಕು?

ನಮ್ಮ ಗ್ರೂಪುಗಳಲ್ಲಿ ಇಬ್ನುಲ್ ಹೈಸಮ್ ಅವರ ಹೆಸರು ಆಗಾಗ ಬರುತ್ತದೆ. ಸಾವಿರ ವರ್ಷದ ಹಿಂದೆ ಕೈರೋದಲ್ಲಿ ಕೂತು ಬೆಳಕು ಮತ್ತು ನೋಟದ ಬಗ್ಗೆ ಏಳು ಭಾಗದ ದೊಡ್ಡ ಗ್ರಂಥ ಬರೆದ ಮಹಾನುಭಾವರು. ಹೆಮ್ಮೆ ಪಡೋಣ, ತಪ್ಪಿಲ್ಲ. ಆದರೆ ಆ ಗ್ರಂಥದ ಮೂರನೆಯ ಭಾಗ ಪೂರ್ತಿ ಕಣ್ಣು ಹೇಗೆ ತಪ್ಪು ಮಾಡುತ್ತದೆ ಎಂಬುದರ ಬಗ್ಗೆ ಇದೆ ಎಂದು ಎಷ್ಟು ಮಂದಿಗೆ ಗೊತ್ತು? ನೋಟವನ್ನು ನಂಬುವ ಮೊದಲು ನೋಟದ ದೋಷವನ್ನು ಅಳೆಯಬೇಕು ಎನ್ನುವುದು ಅವರ ದಾರಿ. 1990ರಲ್ಲಿ ಹಬಲ್‌ನವರು ನಡೆದದ್ದೂ ಅದೇ ದಾರಿಯಲ್ಲಿ. ಹೆಸರನ್ನು ಸ್ಟೇಟಸ್‌ಗೆ ಹಾಕುವುದು ಸುಲಭ. ದಾರಿಯಲ್ಲಿ ನಡೆಯುವುದು ಕಷ್ಟ.

ದೊಡ್ಡವರಲ್ಲಿ ನನ್ನ ಕೋರಿಕೆ ಚಿಕ್ಕದು. ಚೊಕ್ಕ ಮಾಡಿದ ಯಾವ ಚಿತ್ರ ಬಂದರೂ ಮೂರು ಪ್ರಶ್ನೆ ಕೇಳಿ. ಮೂಲ ಮಸುಕು ಚಿತ್ರ ಎಲ್ಲಿದೆ? ಮಸುಕು ಯಾವುದರಿಂದ ಆಯಿತು ಎಂದು ಅಳೆದಿದ್ದಾರೆಯೇ? ಬೇರೆ ಒಬ್ಬರು ಅದೇ ಲೆಕ್ಕ ಮಾಡಿ ಇದೇ ಉತ್ತರ ಪಡೆಯಬಹುದೇ? ಮೂರಕ್ಕೂ ಉತ್ತರ ಇದ್ದರೆ ಅದು ಕಂಪ್ಯೂಟರ್ ಮುಟ್ಟಿದ ಚಿತ್ರವಾದರೂ ಗೌರವ ಕೊಡಿ. ಒಂದಕ್ಕೂ ಉತ್ತರ ಇಲ್ಲದಿದ್ದರೆ ಅದು ಎಷ್ಟೇ ಚಂದ ಇರಲಿ, ನಿಮ್ಮ ಫೋನಿನಲ್ಲಿಯೇ ನಿಲ್ಲಲಿ.

ಮಕ್ಕಳ ವಿಷಯದಲ್ಲಿ ಕೋರಿಕೆ ಸ್ವಲ್ಪ ದೊಡ್ಡದು. ಹಬಲ್‌ನ ಮೂಲ ಚಿತ್ರಗಳು ಇಂದು ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತವೆ. 2015ರ ಸೆಪ್ಟೆಂಬರ್ 28ರಂದು ನಮ್ಮ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್‌ನ ಮಾಹಿತಿಯೂ ಸಾರ್ವಜನಿಕರಿಗೆ ತೆರೆದಿದೆ. ಆ ಉಪಗ್ರಹದ ಅತಿನೇರಳೆ ದೂರದರ್ಶಕ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ಆದದ್ದು, ಆಕಾಶದಲ್ಲಿ ಸ್ವಲ್ಪ ಸ್ವಲ್ಪ ಅಲುಗಾಡುತ್ತಲೇ ನೋಡುತ್ತದೆ. ಸೆಕೆಂಡಿಗೆ ಹತ್ತಾರು ತುಣುಕು ಚಿತ್ರ ತೆಗೆದು, ಎಷ್ಟು ಅಲುಗಾಡಿತು ಎಂದು ಅಳೆದು, ಕೆಳಗೆ ಕಂಪ್ಯೂಟರಿನಲ್ಲಿ ಅವುಗಳನ್ನು ಸರಿಸಿ ಕೂಡಿಸುತ್ತಾರೆ. ಮಸುಕು ಹೋಗುತ್ತದೆ. ಇಲ್ಲಿಯೂ ದೋಷವನ್ನು ಅಳೆದೇ ತಿದ್ದುವುದು. ರಿಚರ್ಡ್‌ಸನ್–ಲೂಸಿ ಲೆಕ್ಕವನ್ನು ಮಾಡಿಕೊಡುವ ಸಿರಿಲ್‌ನಂಥ ಉಚಿತ ಸಾಫ್ಟ್‌ವೇರ್ ಇದೆ. ಮನೆಯಲ್ಲಿ ಒಂದು ಸಾಧಾರಣ ಲ್ಯಾಪ್‌ಟಾಪ್ ಇದ್ದರೆ ಪಿಯುಸಿ ಓದುವ ಹುಡುಗಿ ಒಂದು ವಾರದ ರಜೆಯಲ್ಲಿ ಇದನ್ನು ಮಾಡಿ ನೋಡಬಹುದು.

ಮಾಡಲಿ. ಸುತ್ತುಗಳನ್ನು ಬೇಕೆಂದೇ ಅತಿಯಾಗಿ ಓಡಿಸಲಿ. ಇಲ್ಲದ ನಕ್ಷತ್ರಗಳು ತನ್ನ ಕಣ್ಣೆದುರೇ ಹುಟ್ಟುವುದನ್ನು ನೋಡಲಿ. ನಮ್ಮ ಶಾಲೆಗಳ ವಿಜ್ಞಾನ ಪ್ರದರ್ಶನದಲ್ಲಿ ವರ್ಷವರ್ಷವೂ ಅದೇ ಜ್ವಾಲಾಮುಖಿ, ಅದೇ ಥರ್ಮೋಕೋಲ್ ಸೌರವ್ಯೂಹ ಇಡುವ ಬದಲು ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಡಲಿ: ಸರಿಯಾದಲ್ಲಿ ನಿಲ್ಲಿಸಿದ್ದು, ಮಿತಿ ಮೀರಿದ್ದು. ಅಂಥ ಒಬ್ಬ ಹುಡುಗಿ ಪ್ರತಿ ಕುಟುಂಬದಲ್ಲಿ ಇದ್ದರೆ ಮುಂದಿನ ಪೆರ್ನಾಲ್ ರಾತ್ರಿ ಫೋಟೊ ಬಂದಾಗ ಗ್ರೂಪಿನಲ್ಲಿ ಕೇಳುವ ಮೊದಲ ಪ್ರಶ್ನೆ ಅವಳದ್ದಾಗಿರುತ್ತದೆ. ಆಗ ದೊಡ್ಡವರು "ನಿನಗೇನು ಗೊತ್ತು, ಸುಮ್ಮನಿರು" ಎನ್ನದೆ ಉತ್ತರ ಕೊಡಲಿ.